ನಗಿಸುವುದೂ ಒಂದು ಧರ್ಮವೇ?

ಒಬ್ಬ ಗೃಹಸ್ಥನು ಕಾಲವಶನಾದ ಮೇಲೆ ಬಂಧುಮಿತ್ರರು ಕುಳಿತು ಅವನ ಗುಣಗಳನ್ನು ಎಣಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದು ಬಂದ ರೂಢಿ. ದಾನಿಯಾಗಿದ್ದರೆ ದಾನವನ್ನು ನೆನೆಯುತ್ತೇವೆ, ವಿದ್ವಾಂಸನಾಗಿದ್ದರೆ ವಿದ್ಯೆಯನ್ನು, ಆಚಾರವಂತನಾಗಿದ್ದರೆ ಅವನ ಸ್ನಾನ, ಸಂಧ್ಯೆ, ವ್ರತನಿಯಮಗಳನ್ನು. ಇವೆಲ್ಲವೂ ಮುಗಿದ ಮೇಲೆ ಯಾರಾದರೊಬ್ಬರು, ‘ಮೇಲಾಗಿ ಬಹಳ ತಮಾಷೆಯ ಮನುಷ್ಯ’ ಎಂದು ಒಂದು ಮಾತು ಸೇರಿಸುವುದುಂಟು. ಊಟದ ಎಲೆಯ ತುದಿಯಲ್ಲಿ ಉಪ್ಪಿನಕಾಯಿ ಬಡಿಸಿದಂತೆ ಈ ಮಾತು. ಇದ್ದರೆ ರುಚಿ, ಇಲ್ಲದಿದ್ದರೂ ಊಟಕ್ಕೆ ಭಂಗವಿಲ್ಲ. ಆದರೆ ದಾನವನ್ನಾಗಲಿ, ವಿದ್ಯೆಯನ್ನಾಗಲಿ ಬಿಟ್ಟುಹೋಗದೆ, ತನ್ನವರನ್ನು ನಲವತ್ತು ವರ್ಷ ನಗಿಸಿ ಮಾತ್ರ ಹೋದ ಮನುಷ್ಯನ ಪಾಡೇನು? ಅವನು ಪುಣ್ಯವನ್ನು ಸಂಪಾದಿಸಿದನೆಂದು ಹೇಳಬಹುದೇ? ನಗಿಸುವುದು ಬರಿಯ ಒಂದು ಸ್ವಭಾವವೋ ಅಥವಾ ಅದೂ ಒಂದು ಧರ್ಮವೋ? ದಸರೆಯ ಈ ಪುಣ್ಯಪರ್ವದಲ್ಲಿ ಈ ಪ್ರಶ್ನೆಯನ್ನು ನನ್ನ ಅಲ್ಪಮತಿಗೆ ತೋರಿದಷ್ಟು ವಿಚಾರ ಮಾಡಬೇಕೆಂದಿದ್ದೇನೆ.

ನವರಾತ್ರಿಯಲ್ಲಿ ನಗೆಯ ವಿಚಾರವೇಕೆಂದು ಓದುಗರು ಕೇಳಬಾರದು. ಈ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಪಾರಾಯಣ ಮಾಡುವ ದೇವೀಮಾಹಾತ್ಮ್ಯದಲ್ಲಿಯೇ ನಗೆ ಎರಡು ಬಗೆಯಾಗಿ ಕಾಣಿಸುತ್ತದೆ. ದೇವತೆಗಳ ತೇಜಸ್ಸಿನಿಂದ ರೂಪುಗೊಂಡ ದೇವಿಯು ಮೊದಲು ಅಟ್ಟಹಾಸಗೈಯುತ್ತಾಳೆ. ಆ ಧ್ವನಿಗೆ ಲೋಕಗಳು ಕಂಪಿಸುತ್ತವೆ. ಮಹಿಷಾಸುರನ ವಧೆಯಾದ ಮೇಲೆ ಅದೇ ದೇವಿಯನ್ನು ಸ್ತುತಿಸುವ ದೇವತೆಗಳು ಅವಳ ಮಂದಹಾಸವನ್ನು ನೆನೆದು ಆಶ್ಚರ್ಯಪಡುತ್ತಾರೆ. ಅಂತಹ ನಸುನಗೆಯ ಮುಖವನ್ನು ಕಂಡೂ ಆ ಅಸುರನಿಗೆ ಪ್ರಹಾರ ಮಾಡುವ ಮನಸ್ಸು ಬಂದುದಾದರೂ ಹೇಗೆ ಎಂಬುದೇ ಅವರ ಬೆರಗು. ಒಂದು ನಗೆ ಭಯವನ್ನು ಹುಟ್ಟಿಸಿತು, ಇನ್ನೊಂದು ಭಯವನ್ನು ಕಳೆಯಿತು. ನಕ್ಕವಳು ಒಬ್ಬಳೇ. ಅಂದಮೇಲೆ ನಗೆ ಎಂಬುದು ಒಂದೇ ವಸ್ತುವಲ್ಲ, ಅದರಲ್ಲಿ ಬಗೆಗಳುಂಟು ಎಂಬುದನ್ನು ನಾವು ಮೊದಲು ಒಪ್ಪಬೇಕಾಗುತ್ತದೆ.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹಾಸ್ಯರಸವನ್ನು ವಿವರಿಸುತ್ತಾ ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು 6 ಬಗೆಯಾಗಿ ವಿಂಗಡಿಸಿದ್ದಾನೆ. ಮೊದಲಿನೆರಡು ಉತ್ತಮರಿಗೆ, ನಡುವಿನೆರಡು ಮಧ್ಯಮರಿಗೆ, ಕಡೆಯೆರಡು ಅಧಮರಿಗೆ ಸಲ್ಲುತ್ತವೆ. ಹಲ್ಲು ಕಾಣಿಸದ ನಸುನಗೆಯಿಂದ ಹೊರಟು, ಕಣ್ಣಲ್ಲಿ ನೀರು ತುಂಬಿ ಪಕ್ಕೆ ಹಿಡಿದುಕೊಳ್ಳುವ ನಗೆಯವರೆಗೆ ಅವನು ಮೆಟ್ಟಿಲುಗಳನ್ನು ಕಟ್ಟಿದ್ದಾನೆ. ತಾನೇ ನಗುವ ಹಾಸ್ಯ ಒಂದು, ಇತರರನ್ನು ನಗಿಸುವ ಹಾಸ್ಯ ಇನ್ನೊಂದು ಎಂಬ ಭೇದವನ್ನೂ ಹೇಳಿದ್ದಾನೆ. ಆದರೆ ಇದು ರಂಗಸ್ಥಳದ ಲೆಕ್ಕ. ನಟನ ಮುಖದ ಮೇಲಿನ ನಗೆಯನ್ನು ಅಳೆಯುವುದಕ್ಕೆ ಇದು ಸಾಕು. ಮನೆಯಲ್ಲಿ ಹುಟ್ಟುವ ನಗೆಯನ್ನು ತೂಗುವುದಕ್ಕೆ ಬೇರೊಂದು ತಕ್ಕಡಿ ಬೇಕು.

ಮಹಾಭಾರತವು ಅಂತಹ ತಕ್ಕಡಿಯನ್ನು ಒದಗಿಸುತ್ತದೆ. ಮಯನು ಕಟ್ಟಿದ ಸಭೆಯಲ್ಲಿ ದುರ್ಯೋಧನನು ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಭ್ರಮಿಸಿ ಬಿದ್ದಾಗ ನೋಡಿದವರು ನಕ್ಕರು. ಆ ನಗೆಯ ಕಿಡಿ ಅವನ ಎದೆಯಲ್ಲಿ ಉಳಿದು, ಜೂಜಿನ ಹಾಸಿಗೆ ಕಾರಣವಾಗಿ, ಕಡೆಗೆ ಕುರುಕ್ಷೇತ್ರದವರೆಗೆ ಹಬ್ಬಿತು. ಅದೇ ಕುರುಕ್ಷೇತ್ರದಲ್ಲಿ, ಎರಡು ಸೇನೆಗಳ ನಡುವೆ, ಬಿಲ್ಲನ್ನು ಕೆಳಗಿಟ್ಟು ಶೋಕಿಸುತ್ತಿದ್ದ ಅರ್ಜುನನ ಮುಂದೆ ಶ್ರೀಕೃಷ್ಣನು ನಗುತ್ತಿರುವವನಂತೆ ಮಾತನ್ನು ಆರಂಭಿಸಿದನೆಂದು ಗೀತೆಯ 2ನೆಯ ಅಧ್ಯಾಯದ 10ನೆಯ ಶ್ಲೋಕ ತಿಳಿಸುತ್ತದೆ. ಜಗತ್ತಿಗೆ ಬೆಳಕಾದ ಉಪದೇಶವು ಒಂದು ನಸುನಗೆಯಿಂದ ಮೊದಲಾಯಿತೆಂಬುದು ನಾವು ಸಾಮಾನ್ಯವಾಗಿ ಲಕ್ಷಿಸದೆ ದಾಟಿಹೋಗುವ ಸಂಗತಿ. ಬಿದ್ದವನನ್ನು ಕಂಡು ನಕ್ಕ ನಗೆ ಒಂದು. ಕುಸಿದವನನ್ನು ಎತ್ತಲು ನಕ್ಕ ನಗೆ ಇನ್ನೊಂದು.

ಇಷ್ಟು ಪೀಠಿಕೆಯ ಬಳಿಕ ನನಗೆ ಹತ್ತಿರದಿಂದ ತಿಳಿದಿರುವ ಒಂದು ಬಾಳನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅದು ನಮ್ಮ ತಂದೆಯವರ ಬಾಳು. ಸ್ವಂತ ಮನೆಯ ವಿಷಯವನ್ನು ಇಂತಹ ಸಂಚಿಕೆಯಲ್ಲಿ ಹೇಳುವುದು ಉಚಿತವೇ ಎಂಬ ಸಂಕೋಚವುಂಟು. ಆದರೆ ಅವರ ಕಥೆ ಈ ಮಹಾನಗರಕ್ಕೆ ಹೊಟ್ಟೆಪಾಡಿಗಾಗಿ ಬಂದ ಸಾವಿರಾರು ಕನ್ನಡಿಗರ ಕಥೆಯೇ ಆಗಿರುವುದರಿಂದ ಓದುಗರು ತಮ್ಮವರನ್ನೇ ಅದರಲ್ಲಿ ಕಂಡುಕೊಂಡಾರು.

ಅವರು ಹುಟ್ಟಿದುದು 1946ರಲ್ಲಿ, ಈಗ ಹಾವೇರಿ ಜಿಲ್ಲೆಗೆ ಸೇರಿರುವ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಒಂದು ಹಳ್ಳಿಯಲ್ಲಿ. ಮುಂಬಯಿಗೆ ಬಂದುದು 1968ರಲ್ಲಿ. ಪರೇಲಿನ ಕಡೆಯ ಒಂದು ಬಟ್ಟೆಯ ಗಿರಣಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತೆಯ ಕೆಲಸ. ವಾಸಕ್ಕೆ ಚಾಳಿನ ಒಂದು ಖೋಲಿ. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಬೆಳಗಿನ ಜಾವ ನಲ್ಲಿಯ ನೀರು ಹಿಡಿಯಬೇಕು. ಶೌಚಕ್ಕೆ ಓಣಿಯ ಕೊನೆಯಲ್ಲಿ ಸರದಿ ನಿಲ್ಲಬೇಕು. ಊರಿನಿಂದ ಬಂದ ಬಂಧುಗಳು ಆ ಖೋಲಿಯನ್ನು ಕಂಡು ಮುಖ ಸಣ್ಣದು ಮಾಡಿದರೆ ತಂದೆಯವರು, “ಊರಾಗ ನಮ್ಮ ಹೊಲ ದೊಡ್ಡದಿತ್ತು, ಮನಿ ಸಣ್ಣದಿತ್ತು. ದೇವರು ನ್ಯಾಯವಂತ ನೋಡ್ರಿ, ಇಲ್ಲಿ ಎರಡೂ ಸಮಾ ಮಾಡ್ಯಾನ” ಎನ್ನುತ್ತಿದ್ದರಂತೆ. ಬಂದವರು ನಗುತ್ತಿದ್ದರು. ನಕ್ಕ ಮೇಲೆ ಆ ಖೋಲಿಯಲ್ಲಿಯೇ ಎಂಟು ಜನರು ಸಾಲಾಗಿ ಮಲಗುತ್ತಿದ್ದರು.

ಅವರ ಹಾಸ್ಯಕ್ಕೆ ಒಂದು ನಿಯಮವಿತ್ತು. ಅದನ್ನು ಅವರು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ನಾವು ನೋಡಿ ತಿಳಿದುಕೊಂಡೆವು. ಅವರ ನಗೆಗೆ ಗುರಿಯಾಗುತ್ತಿದ್ದವರು ಸಾಮಾನ್ಯವಾಗಿ ಅವರೇ. ಒಮ್ಮೆ ಚಾಳಿನ ಗಣೇಶೋತ್ಸವದಲ್ಲಿ ನಾಲ್ಕಾರು ಜನರು ಸೇರಿ, ಕುಂದಾಪುರದ ಕಡೆಯಿಂದ ಆಗತಾನೇ ಬಂದು ಹೋಟೆಲಿಗೆ ಸೇರಿದ್ದ ಒಬ್ಬ ಹುಡುಗನ ಮರಾಠಿಯನ್ನು ಅಣಕಿಸುತ್ತಿದ್ದರು. ಹುಡುಗನ ಕಣ್ಣು ತುಂಬಿಬಂದಿತ್ತು. ತಂದೆಯವರು ನಡುವೆ ಬಂದು ತಮ್ಮ ಮೊದಲ ದಿನದ ಕಥೆಯನ್ನು ತೆಗೆದರು. ಗಿರಣಿಯ ಊಟದ ಮನೆಯಲ್ಲಿ ಬಡಿಸುವವನು ಮತ್ತಷ್ಟು ಅನ್ನ ಹಾಕಬಂದಾಗ ಇವರು ‘ಬೇಡಾ, ಬೇಡಾ’ ಎಂದರಂತೆ. ಮರಾಠಿಯಲ್ಲಿ ‘ವೇಡಾ’ ಎಂದರೆ ಹುಚ್ಚ. ಅವನು ಸೌಟು ಎತ್ತಿಕೊಂಡು, ‘ಅನ್ನ ಹಾಕಲು ಬಂದವನನ್ನು ಹುಚ್ಚ ಎನ್ನುತ್ತೀಯಾ’ ಎಂದು ಜಗಳಕ್ಕೇ ನಿಂತನಂತೆ. “ಅಂದಿನಿಂದ ನಾನು ಯಾರಿಗೂ ಬೇಡ ಅಂದಿಲ್ಲ, ಅದಕ್ಕ ಈ ಹೊಟ್ಟಿ ಹಿಂಗಾಗ್ಯದ” ಎಂದು ಹೊಟ್ಟೆ ತಟ್ಟಿಕೊಂಡು ಮುಗಿಸಿದರು. ಆ ಕಥೆ ಎಷ್ಟು ನಿಜವೋ ಬಲ್ಲವರಿಲ್ಲ. ಆದರೆ ಹುಡುಗನ ಮೇಲಿದ್ದ ಹತ್ತು ಜೋಡಿ ಕಣ್ಣುಗಳು ಅವನನ್ನು ಬಿಟ್ಟು ಇವರತ್ತ ತಿರುಗಿದುವು. ಆ ಹುಡುಗನೂ ನಕ್ಕನು.

1982ನೆಯ ಇಸವಿಯ ಜನವರಿ 18ರಂದು ಮುಂಬಯಿಯ ಗಿರಣಿ ಕಾರ್ಮಿಕರ ಮುಷ್ಕರ ಮೊದಲಾಯಿತು. ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ವರ್ಷ ಕಳೆದರೂ ಅದು ಬಗೆಹರಿಯಲಿಲ್ಲ. ಹಲವು ಗಿರಣಿಗಳು ಮತ್ತೆ ಮೊದಲಿನಂತಾಗಲೇ ಇಲ್ಲ. ಸಾವಿರಾರು ಸಂಸಾರಗಳು ಊರಿಗೆ ಮರಳಿದುವು. ತಂದೆಯವರು ಮಗ್ಗದ ಮುಂದೆ ನಿಲ್ಲುವವರಲ್ಲ. ಆದರೆ ಗಿರಣಿಯೇ ನಿಂತ ಮೇಲೆ ಲೆಕ್ಕ ಬರೆಯುವವನಿಗೆ ಲೆಕ್ಕವೆಲ್ಲಿಂದ ಬರಬೇಕು? ಪಗಾರ ನಿಂತಿತು. ಆಗ ನಮ್ಮ ಅಕ್ಕನಿಗೆ 7 ವರ್ಷ, ನನಗೆ 3. ಬೆಳಿಗ್ಗೆ ಊರನ್ನೆಲ್ಲ ಎಬ್ಬಿಸುತ್ತಿದ್ದ ಗಿರಣಿಯ ಭೋಂಗಾ ಮೌನವಾಗಿತ್ತು. “ಇಷ್ಟು ವರ್ಷ ಅದು ನನ್ನ ಎಬ್ಬಿಸ್ತಿತ್ತು, ಈಗ ನಾನೇ ಹೋಗಿ ಅದನ್ನ ಎಬ್ಬಿಸಬೇಕಾಗ್ಯದ” ಎಂದು ಹೇಳಿ ತಂದೆಯವರು ದಿನವೂ ಬೆಳಿಗ್ಗೆ ಅಂಗಿ ತೊಟ್ಟು ಹೊರಡುತ್ತಿದ್ದರು. ಹೋಗುತ್ತಿದ್ದುದು ದಾದರಿನ ಅಂಗಡಿಗಳಿಗೆ, ಬಿಡಿ ಲೆಕ್ಕ ಬರೆಯುವ ಕೆಲಸ ಸಿಕ್ಕೀತೇ ಎಂದು ಕೇಳುವುದಕ್ಕೆ.

ಆ ದಿನಗಳ ಒಂದು ಸಂಗತಿಯನ್ನು ಅಕ್ಕ ಇಂದಿಗೂ ಹೇಳುತ್ತಾಳೆ. ಕೆಲವು ರಾತ್ರಿ ನಮಗೆ ಬಡಿಸಿದಾಗ ತಂದೆಯವರು ತಟ್ಟೆ ಹಾಕಿಕೊಳ್ಳುತ್ತಿರಲಿಲ್ಲ. ಕೇಳಿದರೆ, “ಇವತ್ತ ನನಗ ಏಕಾದಶಿ” ಎನ್ನುತ್ತಿದ್ದರು. ತಿಂಗಳಿಗೆ ಏಕಾದಶಿ ಎರಡೇ ಎಂಬುದು ಶಾಲೆಗೆ ಹೋಗುವ ಅಕ್ಕನಿಗೆ ತಿಳಿದಿತ್ತು. ಅವಳು ಎದ್ದುಹೋಗಿ ಗೋಡೆಯ ಮೇಲಿನ ಪಂಚಾಂಗವನ್ನು ನೋಡಿಬಂದು, “ಅಪ್ಪಾ, ಇವತ್ತ ಸಪ್ತಮಿ ಅದ” ಎಂದಳು. ತಂದೆಯವರು ಗಂಭೀರವಾಗಿ, “ಅದು ಗ್ವಾಡಿ ಪಂಚಾಂಗ, ತಂಗೀ. ನಮ್ಮ ಗಿರಣಿ ಪಂಚಾಂಗದಾಗ ವಾರಕ್ಕ ಎರಡು ಏಕಾದಶಿ ಬರತಾವ. ದ್ವಾದಶಿ ಯಾವಾಗ ಅನ್ನೋದನ್ನ ಮಾಲಕರು ಇನ್ನೂ ತಿಳಿಸಿಲ್ಲ” ಎಂದರು. ಅಕ್ಕ ನಕ್ಕಳು, ಮೂರು ವರ್ಷದ ನಾನೂ ಅವಳು ನಕ್ಕಳೆಂದು ನಕ್ಕೆನಂತೆ. ಅಂದಿನಿಂದ ‘ಗಿರಣಿ ಪಂಚಾಂಗ’ ಎಂಬುದು ನಮ್ಮ ಮನೆಯ ಮಾತಾಯಿತು. ಪಾರಣೆಯ ದ್ವಾದಶಿ ಎಂದು ಬರುತ್ತದೆಂದು ನಾವು ದಿನವೂ ಕೇಳುತ್ತಿದ್ದೆವು.

ಇಲ್ಲಿ ಧರ್ಮಜಿಜ್ಞಾಸೆಗೆ ಎಡೆಯುಂಟು. ತಂದೆಯವರು ಹೇಳಿದುದು ನಿಜವಲ್ಲ. ಸಪ್ತಮಿಯನ್ನು ಏಕಾದಶಿ ಎಂದರು, ಇಲ್ಲದುದನ್ನು ವ್ರತವೆಂದರು. ಇದು ಅಸತ್ಯವಲ್ಲವೇ? ಸತ್ಯವನ್ನೇ ನುಡಿಯಬೇಕು, ಪ್ರಿಯವಾದುದನ್ನು ನುಡಿಯಬೇಕು, ಪ್ರಿಯವೆಂದು ಸುಳ್ಳನ್ನು ನುಡಿಯಬಾರದು ಎಂಬುದು ನಮ್ಮ ಹಿರಿಯರ ಕಟ್ಟಳೆ.

ಮಹಾಭಾರತದ ಆದಿಪರ್ವದಲ್ಲಿ ಶರ್ಮಿಷ್ಠೆಯು ಯಯಾತಿಗೆ, ಐದು ಸಂದರ್ಭಗಳಲ್ಲಿ ಆಡಿದ ಅನೃತವು ಪಾತಕವಲ್ಲವೆಂದು ಹೇಳುವ ಪ್ರಸಂಗವಿದೆ. ಆ ಐದರಲ್ಲಿ ಪರಿಹಾಸದ ಮಾತೂ ಒಂದು. ಆದರೆ ಶರ್ಮಿಷ್ಠೆಯು ಆ ನ್ಯಾಯವನ್ನು ಎತ್ತಿದುದು ತನ್ನ ಇಷ್ಟಾರ್ಥಸಿದ್ಧಿಗಾಗಿ. ಇದಕ್ಕೆ ಎದುರಾಗಿ ಕರ್ಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕಥೆಯನ್ನು ಹೇಳುತ್ತಾನೆ. ಸತ್ಯವನ್ನೇ ನುಡಿಯುವ ವ್ರತದ ಆ ತಪಸ್ವಿಯು, ದರೋಡೆಕೋರರಿಗೆ ಹೆದರಿ ಕಾಡಿನಲ್ಲಿ ಅಡಗಿದ್ದವರ ಜಾಡನ್ನು ಇದ್ದಂತೆಯೇ ಹೇಳಿಬಿಟ್ಟನು. ಅವರು ಹತರಾದರು, ಕೌಶಿಕನಿಗೆ ಸದ್ಗತಿಯಾಗಲಿಲ್ಲ. ಒಂದೆಡೆ ಅನೃತಕ್ಕೆ ರಿಯಾಯಿತಿ. ಇನ್ನೊಂದೆಡೆ ಸತ್ಯಕ್ಕೆ ಶಿಕ್ಷೆ. ಈ ಎರಡನ್ನೂ ಕೂಡಿಸಿ ನೋಡಿದರೆ, ಮಾತಿನ ಅಕ್ಷರವನ್ನಷ್ಟೇ ನೋಡಬಾರದು, ಅದರ ಲಾಭ ಯಾರಿಗೆ, ಅದರ ನಷ್ಟ ಯಾರಿಗೆ ಎಂಬುದನ್ನೂ ನೋಡಬೇಕೆಂದು ತೋರುತ್ತದೆ.

ಇದಲ್ಲದೆ ಸುಳ್ಳಿಗೂ ಹಾಸ್ಯಕ್ಕೂ ಒಂದು ಮೂಲಭೂತವಾದ ಅಂತರವಿದೆ. ಕೇಳುವವನು ನಂಬಲಿ ಎಂದು ಆಡುವುದು ಸುಳ್ಳು. ನಂಬದಿರಲಿ ಎಂದೇ ಆಡುವುದು ಹಾಸ್ಯ. ‘ಗಿರಣಿ ಪಂಚಾಂಗ’ವನ್ನು ಏಳು ವರ್ಷದ ಅಕ್ಕ ನಂಬಲಿಲ್ಲ. ಮನೆಯಲ್ಲಿ ಅಕ್ಕಿ ಕಡಮೆ ಇದೆ, ಗಿರಣಿ ತೆರೆದಿಲ್ಲ, ಯಾವಾಗ ತೆರೆಯುತ್ತದೆಂದು ಅಪ್ಪನಿಗೂ ಗೊತ್ತಿಲ್ಲ ಎಂಬ ಮೂರು ನಿಜಗಳೂ ಆ ಒಂದು ಮಾತಿನಲ್ಲಿ ಅವಳಿಗೆ ತಿಳಿದುವು. ಆದರೆ ಮಗುವೊಂದು ಹೊರಬಹುದಾದ ತೂಕದಲ್ಲಿ ತಿಳಿದುವು. ಅದನ್ನೇ ಮುಖ ಬಿಗಿದುಕೊಂಡು ಹೇಳಿದ್ದರೆ ಸತ್ಯವು ಹೆಚ್ಚೇನೂ ಆಗುತ್ತಿರಲಿಲ್ಲ. ಭಯ ಮಾತ್ರ ಹೆಚ್ಚಾಗುತ್ತಿತ್ತು.

ಇಲ್ಲಿಗೆ ತಂದೆಯವರ ಪಕ್ಷದ ವಾದ ಮುಗಿಯುತ್ತದೆ. ಆದರೆ ಈ ವಿಚಾರಕ್ಕೆ ಇನ್ನೊಂದು ಪಕ್ಷವುಂಟು. ಅದನ್ನು ಬಿಟ್ಟರೆ ನನ್ನ ವೃತ್ತಿಗೇ ಅಪಚಾರವಾದೀತು. ಬ್ಯಾಂಕಿನಲ್ಲಿ ಕೆಲಸ ಮಾಡುವವರೆಲ್ಲರೂ ಮೊದಲು ಕಲಿಯುವ ಪಾಠವೆಂದರೆ, ಒಂದು ಖಾತೆಗೆ ಜಮೆಯಾದ ಮೊತ್ತವು ಬೇರೊಂದು ಖಾತೆಗೆ ಖರ್ಚು ಬಿದ್ದಿರಲೇಬೇಕು ಎಂಬುದು. ದೊಡ್ಡ ಲೆಡ್ಜರುಗಳು ಹೋಗಿ ಕಂಪ್ಯೂಟರು ಬಂದ ಮೇಲೂ ಈ ನಿಯಮ ಬದಲಾಗಿಲ್ಲ. ಎರಡೂ ಬದಿ ತಾಳೆಯಾಗದೆ ಸಂಜೆ ದಿನದ ಲೆಕ್ಕ ಮುಚ್ಚುವುದಿಲ್ಲ. ನಮ್ಮ ಬಾಲ್ಯದ ಖಾತೆಗೆ ಇಷ್ಟೊಂದು ನಗೆ ಜಮೆಯಾಗಿದೆಯೆಂದರೆ ಅದು ಯಾರ ಖಾತೆಗೆ ಖರ್ಚು ಬಿದ್ದಿತು ಎಂಬುದನ್ನು ಕೇಳಲೇಬೇಕು.

ತಂದೆಯವರು 2016ರಲ್ಲಿ ತೀರಿಕೊಂಡರು. ಅವರ ಹದಿಮೂರನೆಯ ದಿನ ನಮ್ಮ ಡೊಂಬಿವಿಲಿಯ ಮನೆಗೆ ಹಳೆಯ ಚಾಳಿನ ನೆರೆಯವರು, ಕನ್ನಡಿಗರೂ ಮರಾಠಿಗರೂ, ಅನೇಕರು ಬಂದಿದ್ದರು. ಊಟವಾದ ಮೇಲೆ ಒಬ್ಬೊಬ್ಬರೂ ಅವರ ಒಂದೊಂದು ಮಾತನ್ನು ನೆನಪಿಸಿಕೊಂಡರು. ‘ಬೇಡಾ’ ಎಂದ ಕಥೆಯನ್ನು ಒಬ್ಬ ಮರಾಠಿ ಗೃಹಸ್ಥರೇ ಹೇಳಿದರು. ಮನೆ ತುಂಬ ನಗೆ. ಊರಿನಿಂದ ಬಂದ ಹಿರಿಯರೊಬ್ಬರಿಗೆ ಇದು ಸರಿಬೀಳಲಿಲ್ಲ. “ಸತ್ತ ಮನ್ಯಾಗ ಇದೇನ್ರಪಾ, ಲಗ್ನದ ಮನಿ ಹಂಗ ನಗೂದು?” ಎಂದರು. ಎಲ್ಲರೂ ಸುಮ್ಮನಾದರು.

ಆಗ ಮಾತನಾಡಿದವರು ನಮ್ಮ ತಾಯಿಯವರು. “ನಗಲಿ ಬಿಡ್ರಿ ಕಾಕಾ, ಅವರ ಆಸ್ತಿ ಅದೊಂದೇ. ಹಂಚಿಕೊಳ್ಳಲಿ” ಎಂದರು. ಆಮೇಲೆ, ಎಲ್ಲರೂ ಏಕಾದಶಿಯ ಮಾತನ್ನೇ ಮತ್ತೆ ಹೇಳುತ್ತಿದ್ದಾಗ ನಮ್ಮಿಬ್ಬರತ್ತ ನೋಡಿ, “ನಿಮ್ಮಪ್ಪಾರು ಉಪಾಸ ಇದ್ದು ನಗಿಸಿದ್ರು. ನಾ ಉಪಾಸ ಇದ್ದು ಬಡಿಸಿದೆ. ಅವರದು ಏಕಾದಶಿ ಆತು, ನಂದು ಯಾವ ತಿಥಿ ಅಂತ ಯಾರೂ ಕೇಳಲಿಲ್ಲ” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ; ಇದ್ದುದನ್ನು ಇದ್ದಂತೆ ಹೇಳುವ ದನಿ ಅದು.

ಹಾಸ್ಯಪ್ರಿಯರಾದ ಗೃಹಸ್ಥರನ್ನು ಹೊಗಳುವಾಗ ಈ ಮಾತನ್ನು ನಾವು ಮರೆಯಬಾರದು. ಮನೆಯಲ್ಲಿ ಒಬ್ಬರು ನಗಿಸುವವರಿದ್ದರೆ ಇನ್ನೊಬ್ಬರು ಲೆಕ್ಕವಿಡುವವರು ಇರಲೇಬೇಕಾಗುತ್ತದೆ. ಶಾಲೆಯ ಫೀಜಿಗೆ ಗಡುವು ಕೇಳಲು ಹೋದ ತಂದೆಯವರು ಮುಖ್ಯೋಪಾಧ್ಯಾಯರನ್ನು ನಗಿಸಿ ಚಹಾ ಕುಡಿದು ಬರುತ್ತಿದ್ದರು. ಗಡುವು ಮುಗಿಯುವುದರೊಳಗೆ ಹಪ್ಪಳ ಲಟ್ಟಿಸಿ ಹಣ ಕೂಡಿಸುತ್ತಿದ್ದವರು ತಾಯಿಯವರು. ಕಿಲೋ ಲೆಕ್ಕದ ಕೂಲಿ ಅದು. ಮಕ್ಕಳಿಗೆ ಅಪ್ಪ ನಗೆಯ ಮನುಷ್ಯ, ಅವ್ವ ಬಿಗುವಿನವಳು. ಪ್ರೀತಿಯೆಲ್ಲ ಒಂದು ಖಾತೆಗೆ, ಪರಿಶ್ರಮದ ಬಹುಭಾಗ ಇನ್ನೊಂದು ಖಾತೆಗೆ. ಇದು ನಮ್ಮ ಒಂದು ಮನೆಯ ಮಾತಲ್ಲ. ಜನಪ್ರಿಯರಾದ ಅನೇಕ ಗೃಹಸ್ಥರ ಹಿಂದೆ ಜನಪ್ರಿಯರಾಗಲು ಬಿಡುವೇ ಸಿಗದ ಒಬ್ಬ ಗೃಹಿಣಿ ಇರುತ್ತಾಳೆ.

ದಾಸಶ್ರೇಷ್ಠರಾದ ಪುರಂದರದಾಸರ ಚರಿತ್ರೆಯೇ ಇದಕ್ಕೆ ನಿದರ್ಶನವಾಗಿದೆ. ಅವರು ಸಂಸಾರವಂದಿಗರಾಗಿದ್ದುಕೊಂಡೇ ಹರಿದಾಸರಾದವರು. ಡಾಂಭಿಕ ಭಕ್ತಿಯನ್ನು ಪರಿಹಾಸ ಮಾಡಿ, ಕೇಳಿದವರು ನಗುತ್ತಾ ತಲೆತಗ್ಗಿಸುವಂತೆ ಹಾಡಿದರು. ಆದರೆ ಅವರನ್ನು ಆ ದಾರಿಗೆ ತಿರುಗಿಸಿದುದು ಅವರ ಪತ್ನಿಯ ಒಂದು ಮೂಗುತಿ ಎಂಬ ಪ್ರತೀತಿ ನಮಗೆಲ್ಲರಿಗೂ ತಿಳಿದಿದೆ. ಬೇಡಿಬಂದ ಬ್ರಾಹ್ಮಣನಿಗೆ ಆ ಸಾಧ್ವಿ ತನ್ನ ಮೈಮೇಲಿನ ಒಡವೆಯನ್ನು ಬಿಚ್ಚಿಕೊಟ್ಟಳು. ತಂಬೂರಿಯನ್ನು ಹಿಡಿದವರು ಗಂಡ. ಮೊದಲ ಬೆಲೆಯನ್ನು ತೆತ್ತವಳು ಹೆಂಡತಿ. ತಮ್ಮ ಕೈಗೆ ತಂಬೂರಿ ಬಂದುದು ಅವಳಿಂದಲೇ ಎಂಬುದನ್ನು ದಾಸರು ಮರೆಯಲಿಲ್ಲವೆಂದೂ ಪರಂಪರೆ ಹೇಳುತ್ತದೆ. ಅವರ ದೊಡ್ಡತನಕ್ಕೆ ಇದರಿಂದ ಏನೂ ಕೊರತೆಯಾಗಲಿಲ್ಲ.

ಹಾಗಾದರೆ ನಗಿಸುವುದು ಧರ್ಮವಲ್ಲವೆಂದು ತೀರ್ಮಾನಿಸಬೇಕೇ? ಇದಕ್ಕೂ ತಾಯಿಯವರೇ ಉತ್ತರ ಹೇಳಿದರು. ಅಂದು ಎಲ್ಲರೂ ಹೋದ ಮೇಲೆ ಪಾತ್ರೆಗಳನ್ನು ಎತ್ತಿಡುತ್ತಾ ಅವರು ಅಕ್ಕನಿಗೆ ಹೇಳಿದ ಮಾತಿದು: “ಆದರ ಅವರು ಹಂಗ ಅನ್ನದೇ ಇದ್ದಿದ್ರ ಅದು ಉಪಾಸ ಆಗ್ತಿರಲಿಲ್ಲ, ಬರೇ ಹಸಿವಿ ಆಗ್ತಿತ್ತು.”

ಈ ಮಾತನ್ನು ನಾನು ಅನೇಕ ಸಲ ಮನನ ಮಾಡಿದ್ದೇನೆ. ಹಸಿವಿಗೂ ಉಪವಾಸಕ್ಕೂ ಹೊಟ್ಟೆಯ ದೃಷ್ಟಿಯಿಂದ ಭೇದವಿಲ್ಲ. ಎರಡರಲ್ಲಿಯೂ ಅನ್ನವಿಲ್ಲ. ಆದರೆ ಹಸಿವು ಮನುಷ್ಯನ ಮೇಲೆ ಬಂದು ಬೀಳುತ್ತದೆ. ಉಪವಾಸವನ್ನು ಮನುಷ್ಯನು ತಾನಾಗಿ ಕೈಗೊಳ್ಳುತ್ತಾನೆ. ಹಸಿದವನು ದೀನ, ವ್ರತಸ್ಥನು ದೀನನಲ್ಲ. ‘ಉಪವಾಸ’ ಎಂಬ ಶಬ್ದಕ್ಕೆ ‘ಸಮೀಪದಲ್ಲಿ ವಾಸಿಸುವುದು’ ಎಂಬ ಅರ್ಥವನ್ನು ಹಿರಿಯರು ಹೇಳುತ್ತಾರೆ. ಭಗವಂತನ ಸಮೀಪದಲ್ಲಿರುವುದೇ ನಿಜವಾದ ಉಪವಾಸವಂತೆ. ತಂದೆಯವರ ಒಂದು ನಗೆಮಾತು ಅನ್ನವನ್ನು ತಂದುಕೊಡಲಿಲ್ಲ. ಆದರೆ ನಮ್ಮ ಮೇಲೆ ಬಂದು ಬಿದ್ದಿದ್ದ ಕಷ್ಟವನ್ನು ನಾವು ಕೈಗೊಂಡ ವ್ರತವನ್ನಾಗಿ ಮಾರ್ಪಡಿಸಿತು. ಆ ಖೋಲಿಯಲ್ಲಿ ನಾಲ್ವರೂ ಒಬ್ಬರ ಸಮೀಪದಲ್ಲೊಬ್ಬರು ಇದ್ದೆವು. ಉಪಾಸವಿದ್ದು ಬಡಿಸಿದ ತಾಯಿಯವರಿಗೂ ಆ ಮಾತಿನಿಂದ ಎಷ್ಟೋ ಆಸರೆಯಾಗಿತ್ತೆಂದು ಅವರ ಬಾಯಿಂದಲೇ ತಿಳಿಯಿತು. ಆದುದರಿಂದ ನಗಿಸುವುದೂ ಒಂದು ಧರ್ಮವೇ ಸರಿ ಎಂದು ನಾನು ನಂಬುತ್ತೇನೆ. ಆದರೆ ಅದಕ್ಕೊಂದು ನಿಬಂಧನೆಯುಂಟು. ನಗೆಯ ಬೆಲೆಯನ್ನು ನಗಿಸುವವನು ತಾನೇ ತೆರಬೇಕು. ಬಿದ್ದವನಿಂದ ವಸೂಲು ಮಾಡಬಾರದು. ತನ್ನೊಡನೆ ಬೇರೆ ಯಾರಾದರೂ ಆ ಬೆಲೆಯನ್ನು ತೆರುತ್ತಿದ್ದರೆ ಅವರ ಹೆಸರೂ ಲೆಕ್ಕದಲ್ಲಿ ಬರಬೇಕು.

ಇನ್ನು ಇಂತಹವರನ್ನು ನೆನೆಯುವ ಬಗೆ ಹೇಗೆ? ಗ್ರಂಥಸ್ಥವಾದ ಹಾಸ್ಯಕ್ಕೆ ಆಯುಸ್ಸು ಹೆಚ್ಚು. ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ ಅವರು ವೈದ್ಯವೃತ್ತಿಯ ಜೊತೆಗೇ 1942ರಲ್ಲಿ ‘ಕೊರವಂಜಿ’ಯನ್ನು ಆರಂಭಿಸಿ ಕಾಲು ಶತಮಾನ ನಡೆಸಿದರು, ಅದರ ಸಂಚಿಕೆಗಳನ್ನು ಜೋಪಾನ ಮಾಡಿಟ್ಟವರು ಇಂದಿಗೂ ಇದ್ದಾರೆ. ಬೀಚಿಯವರ ತಿಮ್ಮನು ಅವರು 1980ರಲ್ಲಿ ಕಾಲವಾದ ಮೇಲೂ ನಮ್ಮ ಮಾತುಕತೆಗಳಲ್ಲಿ ಬದುಕಿದ್ದಾನೆ. ನಗುವುದನ್ನೂ ನಗಿಸುವುದನ್ನೂ ಧರ್ಮದ ಸಾಲಿಗೆ ಸೇರಿಸಿ 1943ರ ತಮ್ಮ ಕಗ್ಗದಲ್ಲಿ ಹಾಡಿದ ಡಿ.ವಿ.ಜಿ.ಯವರು ಚಿಕ್ಕ ವಯಸ್ಸಿನಲ್ಲಿಯೇ ಪತ್ನಿಯನ್ನು ಕಳೆದುಕೊಂಡವರು. ತಾಯಿಯಿಲ್ಲದ ಆ ಮನೆಯಲ್ಲಿ ಬೆಳೆದ ಮಗ ಬಿ.ಜಿ.ಎಲ್. ಸ್ವಾಮಿಯವರು ಚೆನ್ನೈಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸುತ್ತಾ, ನಮ್ಮಂತೆಯೇ ಹೊರನಾಡ ಕನ್ನಡಿಗರಾಗಿದ್ದುಕೊಂಡು, ಓದಿದವರು ನಕ್ಕು ನಕ್ಕು ಸಸ್ಯಗಳ ಗುಣವನ್ನು ಕಲಿಯುವಂತಹ ‘ಹಸುರು ಹೊನ್ನು’ವನ್ನು ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಗೆ ಎಂಬುದು ಸುಖದ ಮನೆಯಲ್ಲಿ ಮಾತ್ರ ಬೆಳೆಯುವ ಗಿಡವಲ್ಲವೆಂಬುದಕ್ಕೆ ಈ ತಂದೆಮಕ್ಕಳು ಸಾಕ್ಷಿ.

ಆದರೆ ಮನೆಯ ಹಾಸ್ಯಕ್ಕೆ ಗ್ರಂಥವಿಲ್ಲ. ಅದನ್ನು ಬರೆದಿಟ್ಟರೆ ಅರ್ಧ ಸೊರಗುತ್ತದೆ. ‘ಗಿರಣಿ ಪಂಚಾಂಗ’ದ ಮಾತನ್ನು ನನ್ನ ಮಗನಿಗೆ ಹೇಳಿದಾಗ ಅವನು ಗಿರಣಿ ಎಂದರೇನೆಂದು ಕೇಳಿದನು. ಗಿರಣಿಗಳಿದ್ದ ಎಷ್ಟೋ ಕಡೆ ಇಂದು ಅಂಗಡಿ ಸಮುಚ್ಚಯಗಳೂ ಗಗನಚುಂಬಿ ಕಟ್ಟಡಗಳೂ ನಿಂತಿವೆ. ಅವನಿಗೆ ಆ ಮಾತು ವಿವರಣೆಯಿಲ್ಲದೆ ತಿಳಿಯದು. ವಿವರಿಸಿದರೆ ನಗೆ ಬಾರದು. ಆದುದರಿಂದ ನಗಿಸಿದವರ ಮಾತುಗಳನ್ನು ಕಾಪಾಡುವುದರಿಂದಷ್ಟೇ ಅವರ ಋಣ ತೀರುವುದಿಲ್ಲ. ದೇವಋಣ, ಋಷಿಋಣ, ಪಿತೃಋಣಗಳೆಂದು ಹಿರಿಯರು ಹೇಳಿದ ಋಣಗಳನ್ನು ಕೊಟ್ಟವರಿಗೇ ಹಿಂದಿರುಗಿಸಲು ಬಾರದು. ಯಜ್ಞದಿಂದ, ಅಧ್ಯಯನದಿಂದ, ಸಂತತಿಯಿಂದ ಮುಂದಿನವರಿಗೆ ಸಲ್ಲಿಸಬೇಕು. ನಗೆಯ ಋಣವೂ ಈ ಜಾತಿಯದೇ.

ಮಹಾನಗರದ ನಮ್ಮ ಮನೆಗಳಲ್ಲಿ ಇಂದು ನಗೆಗೆ ಅಭಾವವೇನೂ ಇಲ್ಲ. ಕೈಯಲ್ಲಿರುವ ಮೊಬೈಲಿನಲ್ಲಿ ಗಳಿಗೆಗೊಂದು ನಗೆಚಾಟಿಕೆ ಬರುತ್ತದೆ. ಒಬ್ಬರಿಂದ ಬಂದುದನ್ನು ಇನ್ನೊಬ್ಬರಿಗೆ ಕಳುಹಿಸುತ್ತೇವೆ. ಅದರ ಬೆಲೆಯನ್ನು ಕಳುಹಿಸಿದವನು ತೆರುವುದಿಲ್ಲ. ಎಷ್ಟೋ ವೇಳೆ ಎದುರಿಗಿಲ್ಲದ ಯಾರೋ ಒಬ್ಬರು, ಅವರ ಭಾಷೆ, ಅವರ ಮೈಬಣ್ಣ, ಅವರ ಬಡತನ ಆ ಬೆಲೆಯನ್ನು ತೆರುತ್ತವೆ. ಅಂತಹ ನಗೆ ಮಯಸಭೆಯ ಗೋತ್ರದ್ದು. ಸಂಜೆ ಲೋಕಲ್ ಗಾಡಿಯಲ್ಲಿ ನಿಂತು ಮನೆಗೆ ಬಂದು, ದಣಿದ ಕಾಲುಗಳನ್ನು ಚಾಚಿ, ಮಕ್ಕಳ ಎದುರಿಗೆ ತನ್ನ ದಣಿವನ್ನೇ ಒಂದು ತಮಾಷೆಯ ಕಥೆಯಾಗಿ ಹೇಳಬಲ್ಲ ಗೃಹಸ್ಥನು ಯಾವ ಶಾಸ್ತ್ರವನ್ನು ಓದದಿದ್ದರೂ ಒಂದು ಧರ್ಮವನ್ನು ಆಚರಿಸುತ್ತಿದ್ದಾನೆ. ಅವನು ಹಾಗೆ ಕಥೆ ಹೇಳುತ್ತಿರುವಾಗ ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಕೇಳುತ್ತಿದ್ದರೆ, ಕಥೆಯನ್ನು ಅಲ್ಲಿಗೆ ಹೋಗಿ,ಕೈಯಲ್ಲೊಂದು ಪಾತ್ರೆಯನ್ನು ಹಿಡಿದುಕೊಂಡು ಮುಂದುವರಿಸಿದರೆ ಆ ಧರ್ಮವು ಪೂರ್ಣವಾದೀತು.

ಈಗ ನಮ್ಮ ಮನೆಯಲ್ಲಿ ತಂದೆಯವರ ಶ್ರಾದ್ಧದ ದಿನ ಎರಡು ಕಥೆಗಳನ್ನು ಹೇಳುವ ಪದ್ಧತಿಯಿದೆ. ಅವರು ಏಕಾದಶಿಯೆಂದು ಹೇಳಿದ ಕಥೆ ಒಂದು. ತಾಯಿಯವರು ಹಪ್ಪಳ ಲಟ್ಟಿಸಿ ಫೀಜು ಕಟ್ಟಿದ ಕಥೆ ಇನ್ನೊಂದು. ಎಂಬತ್ತರ ಸಮೀಪದಲ್ಲಿರುವ ತಾಯಿಯವರು ಎರಡನ್ನೂ ಕೇಳುತ್ತಾ ಕುಳಿತಿರುತ್ತಾರೆ; ಲೆಕ್ಕ ತಪ್ಪಿದಲ್ಲಿ ತಿದ್ದುತ್ತಾರೆ.

ಅಟ್ಟಹಾಸದಿಂದ ದುಷ್ಟರನ್ನು ನಡುಗಿಸಿ ಮಂದಹಾಸದಿಂದ ಶರಣರ ಭಯವನ್ನು ಕಳೆಯುವ ಜಗನ್ಮಾತೆಯು ಊರಿನಿಂದ ದೂರ ಬಂದು ನೆಲೆಸಿರುವ ನಮ್ಮೆಲ್ಲರ ಮನೆಗಳಲ್ಲಿ ಅಂತಹ ಮಂದಹಾಸವನ್ನು ನೆಲೆಗೊಳಿಸಲಿ, ಅದರ ಹಿಂದೆ ಸದ್ದಿಲ್ಲದೆ ದುಡಿಯುವವರನ್ನು ಕಾಣುವ ಕಣ್ಣನ್ನೂ ನಮಗೆ ಕರುಣಿಸಲಿ ಎಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.